ಮೇಟ್ ಇದೆ, ಆದರೆ ಪ್ರೋಗ್ರಾಮಿಗೆ ಕಾಣುವುದಿಲ್ಲ

ಚೆಸ್ ಪ್ರೋಗ್ರಾಮೊಂದರ ಬಲವನ್ನು ಅಳೆಯುವ ಕೆಲಸ ಮನುಷ್ಯರ ಕೈ ಬಿಟ್ಟು ಬಹಳ ಕಾಲವಾಯಿತು. ಒಂದು ಪ್ರೋಗ್ರಾಮಿಗಿಂತ ಇನ್ನೊಂದು ಉತ್ತಮವೇ ಎಂದು ತಿಳಿಯಬೇಕಾದರೆ ಅವೆರಡರ ನಡುವೆ ಸಾವಿರಗಟ್ಟಲೆ ಆಟ ಆಡಿಸಿ ಲೆಕ್ಕ ಹಾಕುವುದೊಂದೇ ನಂಬಬಹುದಾದ ದಾರಿ. ಸ್ಟಾಕ್‌ಫಿಶ್ ಎಂಬ ಪ್ರಬಲ ಚೆಸ್ ಪ್ರೋಗ್ರಾಮಿನ ತಂಡದವರು 2013ರಿಂದ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆಯಲ್ಲಿ ಮಾಡುತ್ತಿರುವುದು ಇದನ್ನೇ; ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ತಮ್ಮ ಕಂಪ್ಯೂಟರುಗಳನ್ನು ಇದಕ್ಕಾಗಿ ಬಿಟ್ಟುಕೊಡುತ್ತಾರೆ. ನಮ್ಮ ಶಾಲೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಅಂಥದ್ದಕ್ಕೆ ಕೈಹಾಕುವುದು ವ್ಯರ್ಥ. ಆದರೆ ಪ್ರೋಗ್ರಾಮೊಂದು ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ ಎಂದು ತಿಳಿಯುವುದಕ್ಕೆ ಸಾವಿರ ಆಟಗಳು ಬೇಕಾಗಿಲ್ಲ. ಸರಿಯಾಗಿ ಆರಿಸಿದ ನಾಲ್ಕಾರು ಚೆಕ್‌ಮೇಟ್ ಸಮಸ್ಯೆಗಳು, ಎಂದರೆ ಇಷ್ಟೇ ನಡೆಗಳಲ್ಲಿ ಎದುರಾಳಿಯ ರಾಜನನ್ನು ತಪ್ಪಿಸಿಕೊಳ್ಳಲಾಗದಂತೆ ಹಿಡಿಯಿರಿ ಎಂಬ ಒಗಟುಗಳು, ಸಾಕು. ನಾನು ಹೇಳಹೊರಟಿರುವುದು ಆ ‘ಸರಿಯಾಗಿ ಆರಿಸುವ’ ಕೆಲಸದ ಕುರಿತು.

ಬದಿಯಡ್ಕದ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಕೇರಳದ ಸರಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಅಲ್ಲಿನ ಸರಕಾರದ ಕೈಟ್ ಸಂಸ್ಥೆಯ ಮೂಲಕ ಬಂದಿರುವ ಲ್ಯಾಪ್‌ಟಾಪುಗಳಲ್ಲಿ ಲಿನಕ್ಸ್ ಇರುತ್ತದೆ. ಸ್ಟಾಕ್‌ಫಿಶ್, ಗ್ನು ಚೆಸ್ ಮುಂತಾದ ಸ್ವತಂತ್ರ ತಂತ್ರಾಂಶಗಳನ್ನು ಅದರಲ್ಲಿ ಹಾಕಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ, ಹಣವೂ ಬೇಡ. ಮಳೆಗಾಲದಲ್ಲಿ ಬಯಲಿನಲ್ಲಿ ನೀರು ನಿಂತು ಆಟದ ಪೀರಿಯಡ್ ತರಗತಿಯೊಳಗೇ ಕಳೆಯಬೇಕಾಗಿ ಬಂದಾಗ ಲಿಟಲ್ ಕೈಟ್ಸ್ ಎಂಬ ಐಟಿ ಕೂಟದ ಮಕ್ಕಳು ಚೆಸ್ ಪಟ ಬಿಡಿಸುತ್ತಾರೆ. ‘ಸಮಸ್ಯೆ ಬಿಡಿಸುವುದರಲ್ಲಿ ಯಾವ ಪ್ರೋಗ್ರಾಂ ಒಳ್ಳೆಯದು ಮಾಷ್ಟ್ರೇ’ ಎಂಬ ಪ್ರಶ್ನೆ ಬಂದದ್ದು ಅಂಥ ಒಂದು ಮಧ್ಯಾಹ್ನ. ಉತ್ತರ ಸುಲಭ ಎಂದು ಮಕ್ಕಳೆಲ್ಲ ಎಣಿಸಿದ್ದರು: ಆಟದಲ್ಲಿ ಯಾವುದು ಗೆಲ್ಲುತ್ತದೋ ಸಮಸ್ಯೆಯಲ್ಲೂ ಅದೇ ಮೇಲು. ಹಾಗೇನೂ ಇಲ್ಲ.

ಮುಂದುವರಿಯುವ ಮುನ್ನ ಕಾಯಿಗಳ ಹೆಸರಿನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಮಲಯಾಳದಲ್ಲಿ ಆಡಿ ಬೆಳೆದವರು ಓರೆಯಾಗಿ ಹೋಗುವ ಕಾಯಿಯನ್ನು ಆನೆ ಎನ್ನುತ್ತಾರೆ. ಈ ಬರಹದಲ್ಲಿ ಆನೆ ಎಂದರೆ ಮೂಲೆಯಿಂದ ನೇರಕ್ಕೆ ಹೋಗುವ ಕಾಯಿ, ಓರೆಯಾಗಿ ಹೋಗುವುದು ಒಂಟೆ. ಮನೆಗಳನ್ನು ಎ1ರಿಂದ ಎಚ್8ರವರೆಗಿನ ರೂಢಿಯ ಕ್ರಮದಲ್ಲೇ ಗುರುತಿಸಿದ್ದೇನೆ.

ಮೇಟ್ ಹುಡುಕುವುದು ಚೆಸ್ ಪ್ರೋಗ್ರಾಮುಗಳ ಮೊದಲ ಕಸುಬು. ಮ್ಯಾಂಚೆಸ್ಟರಿನ ಫೆರಾಂಟಿ ಮಾರ್ಕ್ 1 ಎಂಬ ಆರಂಭದ ದಿನಗಳ ಕಂಪ್ಯೂಟರಿನಲ್ಲಿ 1951ರ ನವೆಂಬರಿನಲ್ಲಿ ಡೀಟ್ರಿಚ್ ಪ್ರಿಂಟ್ಸ್ ಓಡಿಸಿದ ಪ್ರೋಗ್ರಾಮಿಗೆ ಪೂರ್ತಿ ಆಟ ಆಡಲು ಬರುತ್ತಿರಲಿಲ್ಲ. ಅದು ಎರಡು ನಡೆಗಳ ಮೇಟ್ ಸಮಸ್ಯೆಗಳನ್ನು ಮಾತ್ರ ಬಿಡಿಸುತ್ತಿತ್ತು. ರಾಜ ಮತ್ತು ಆನೆಯನ್ನು ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಇಲ್ಲ, ಕಾಲಾಳಿನ ಎರಡು ಮನೆಯ ಜಿಗಿತ ಇಲ್ಲ, ಕೊನೆಯ ಸಾಲು ಮುಟ್ಟಿದ ಕಾಲಾಳು ಬೇರೆ ಕಾಯಿಯಾಗುವ ಬಡ್ತಿ ಇಲ್ಲ. ಆದರೂ ಅದು ಹುಡುಕುತ್ತಿದ್ದ ಕ್ರಮ ಪ್ರಾಮಾಣಿಕವಾಗಿತ್ತು. ಎಲ್ಲ ನಡೆಗಳನ್ನೂ ಒಂದೊಂದಾಗಿ ನೋಡುತ್ತಿತ್ತು, ಯಾವುದನ್ನೂ ‘ಇದು ಆಗಲಿಕ್ಕಿಲ್ಲ’ ಎಂದು ಬದಿಗಿಡುತ್ತಿರಲಿಲ್ಲ. ಇಂದಿನ ಪ್ರಬಲ ಪ್ರೋಗ್ರಾಮುಗಳ ಬಲವಿರುವುದೇ ಹಾಗೆ ಬದಿಗಿಡುವುದರಲ್ಲಿ.

ಲೆಕ್ಕ ಹೀಗೆ. ಆಟದ ನಡುವಿನ ಸ್ಥಿತಿಯೊಂದರಲ್ಲಿ ಸರಾಸರಿ 35 ನಡೆಗಳು ಸಾಧ್ಯ ಎಂದಿಟ್ಟುಕೊಳ್ಳೋಣ. ಐದು ನಡೆಯ ಮೇಟ್ ಎಂದರೆ ಬಿಳಿಯದು ಐದು, ಕಪ್ಪಿನದು ನಾಲ್ಕು, ಒಟ್ಟು ಒಂಬತ್ತು ಅರ್ಧನಡೆ. 35ನ್ನು ಒಂಬತ್ತು ಸಲ ಗುಣಿಸಿದರೆ ಸುಮಾರು 79 ಲಕ್ಷ ಕೋಟಿ ಬರುತ್ತದೆ. ಫಲಿತಾಂಶವನ್ನು ಬದಲಿಸಲಾರದ ದಾರಿಗಳನ್ನು ನೋಡದೆ ಬಿಡುವ ಆಲ್ಫಾ-ಬೀಟಾ ಎಂಬ ವಿಧಾನದಲ್ಲಿ ಒಳ್ಳೆಯ ನಡೆಗಳೇ ಮೊದಲು ಸಿಗುತ್ತಾ ಹೋದರೆ ಇದು ಸುಮಾರು 5.4 ಕೋಟಿಗೆ ಇಳಿಯುತ್ತದೆ, ಅದೂ ಉತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಹತ್ತನೇ ತರಗತಿಯ ಮಕ್ಕಳಿಗೆ ಘಾತಾಂಕ ಕಲಿಸುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ಸ್ಟಾಕ್‌ಫಿಶ್‌ನಂಥ ಪ್ರೋಗ್ರಾಮುಗಳು ಇಲ್ಲಿಗೆ ನಿಲ್ಲುವುದಿಲ್ಲ. ಉತ್ತರವನ್ನು ಕೆಡಿಸಬಹುದಾದ, ಆದರೆ ಹೆಚ್ಚಿನ ಸಲ ಕೆಡಿಸದ ಅಡ್ಡದಾರಿಗಳನ್ನು ಅವು ಒಂದರ ಮೇಲೊಂದು ಹಿಡಿಯುತ್ತವೆ. ಅಡಿಕೆ ಗೋಣಿಯಿಂದ ಒಂದು ಹಿಡಿ ತೆಗೆದು ನೋಡಿ ಇಡೀ ಗೋಣಿಗೆ ದರ ಹೇಳುವ ವ್ಯಾಪಾರಿಯ ಹಾಗೆ. ವರ್ಷದ ಕೊನೆಗೆ ಅವನಿಗೆ ಲಾಭವೇ, ಆದರೆ ಯಾವುದೋ ಒಂದು ಗೋಣಿಯಲ್ಲಿ ಅವನು ಖಂಡಿತ ಸೋತಿರುತ್ತಾನೆ. ಮೇಟ್ ಸಮಸ್ಯೆ ರಚಿಸುವವರ ಕಸುಬೇ ಆ ಗೋಣಿಯನ್ನು ತಯಾರಿಸುವುದು. ಕಂಪ್ಯೂಟರ್ ಹುಟ್ಟುವುದಕ್ಕೂ ಮುಂಚಿನ ರಚನೆಕಾರರು ಮನುಷ್ಯನ ಅಭ್ಯಾಸವನ್ನು ಗುರಿಯಾಗಿಸಿ ಕಟ್ಟಿದ ಬಲೆಗಳಲ್ಲಿ ಪ್ರೋಗ್ರಾಮುಗಳೂ ಬೀಳುತ್ತವೆ ಎಂಬುದು ಸ್ವಾರಸ್ಯದ ಸಂಗತಿ.

ಹತ್ತೊಂಬತ್ತನೇ ಶತಮಾನದ ಅಮೆರಿಕದ ಚೆಸ್ ಆಟಗಾರ ಪಾಲ್ ಮಾರ್ಫಿಯ ಹೆಸರಿನಲ್ಲಿ ಪ್ರಸಿದ್ಧವಾದ ಪುಟ್ಟ ಸಮಸ್ಯೆಯೊಂದಿದೆ. ಬಿಳಿಯ ರಾಜ ಸಿ8ರಲ್ಲಿ, ಆನೆ ಎ1ರಲ್ಲಿ, ಕಾಲಾಳು ಬಿ6ರಲ್ಲಿ. ಕಪ್ಪಿನ ರಾಜ ಎ8ರಲ್ಲಿ, ಒಂಟೆ ಬಿ8ರಲ್ಲಿ, ಕಾಲಾಳುಗಳು ಎ7 ಮತ್ತು ಬಿ7ರಲ್ಲಿ. ಬಿಳಿಯದು ನಡೆ, ಎರಡರಲ್ಲಿ ಮೇಟ್. ಉತ್ತರ: ಆನೆ ಎ6ಕ್ಕೆ. ಕಾಲಾಳು ಹೊಡೆಯುವ ಮನೆಗೇ ಆನೆಯನ್ನು ಕೊಂಡೊಯ್ದು ಇಡುವುದು. ಈಗ ಕಪ್ಪಿಗೆ ಇರುವುದು ಏಳೇ ನಡೆ. ಬಿ7ರ ಕಾಲಾಳು ಆನೆಯನ್ನು ಹೊಡೆದರೆ ಬಿಳಿಯ ಕಾಲಾಳು ಬಿ7ಕ್ಕೆ ಹೋಗಿ ಮೇಟ್. ಉಳಿದ ಆರು ನಡೆಗಳೂ ಒಂಟೆಯವು. ಅದು ಎಲ್ಲಿಗೇ ಹೋಗಲಿ, ಎ7ರ ಕಾವಲು ತಪ್ಪುತ್ತದೆ, ಆನೆ ಎ7ರಲ್ಲಿ ಹೊಡೆದು ಮೇಟ್. ಎ7ರ ಕಾಲಾಳು ಬಿ6ಕ್ಕೆ ಹೊಡೆಯುವಂತಿಲ್ಲ, ಯಾಕೆಂದರೆ ಅದು ಸರಿದರೆ ಆನೆಯ ದಾರಿ ರಾಜನವರೆಗೆ ತೆರೆಯುತ್ತದೆ. ರಾಜನಿಗೆ ಮಿಸುಕಲು ಜಾಗವೇ ಇಲ್ಲ.

ಇಲ್ಲಿ ಗಮನಿಸಬೇಕಾದ್ದು, ಆನೆ ಎ6ಕ್ಕೆ ಬಂದಾಗ ಬಿಳಿ ಯಾವ ಬೆದರಿಕೆಯನ್ನೂ ಒಡ್ಡಿರುವುದಿಲ್ಲ ಎಂಬುದನ್ನು. ಕಪ್ಪಿಗೆ ‘ಈ ಸಲ ನಾನು ಆಡುವುದಿಲ್ಲ’ ಎಂದು ಕೈಕಟ್ಟಿ ಕೂರುವ ಅವಕಾಶವಿದ್ದಿದ್ದರೆ ಮುಂದಿನ ನಡೆಯಲ್ಲಿ ಮೇಟ್ ಆಗುತ್ತಿರಲಿಲ್ಲ. ಆನೆ ಎ7ರಲ್ಲಿ ಹೊಡೆದರೆ ಒಂಟೆ ಅದನ್ನು ಹೊಡೆಯುತ್ತಿತ್ತು. ಆಡಲೇಬೇಕಾಗಿ ಬಂದದ್ದೇ ಕಪ್ಪಿನ ಕೇಡು. ಜುಗ್‌ಜ್ವಾಂಗ್ ಎಂದು ಚೆಸ್ ಬಲ್ಲವರೆಲ್ಲ ಹೇಳುವುದು ಇದನ್ನೇ. ಪ್ರೋಗ್ರಾಮುಗಳ ಅತ್ಯಂತ ಲಾಭದಾಯಕ ಅಡ್ಡದಾರಿಯಾದ ‘ನಲ್ ಮೂವ್’ ನಿಂತಿರುವುದು ಇದಕ್ಕೆ ನೇರ ವಿರುದ್ಧವಾದ ನಂಬಿಕೆಯ ಮೇಲೆ: ಆಡುವುದು ಆಡದಿರುವುದಕ್ಕಿಂತ ಯಾವಾಗಲೂ ಮೇಲು, ಆದ್ದರಿಂದ ಎದುರಾಳಿಗೆ ಎರಡು ನಡೆ ಒಟ್ಟಿಗೆ ಬಿಟ್ಟುಕೊಟ್ಟರೂ ನನ್ನ ಸ್ಥಿತಿ ಚೆನ್ನಾಗಿಯೇ ಉಳಿಯುತ್ತದೆ ಎಂದಾದರೆ, ಹುಡುಕಾಟದ ಈ ಕವಲನ್ನು ಇನ್ನಷ್ಟು ನೋಡಬೇಕಾಗಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸ್ಥಿತಿಗಳಲ್ಲಿ ಇದು ಸರಿಯೆಂದೇ ಹೇಳಬೇಕು. ಜುಗ್‌ಜ್ವಾಂಗಿನಲ್ಲಿ ಮಾತ್ರ ಪೂರ್ತಿ ತಪ್ಪು.

ಪ್ರೋಗ್ರಾಂ ಬರೆಯುವವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆಡಬೇಕಾದ ಪಕ್ಷದಲ್ಲಿ ರಾಜ ಮತ್ತು ಕಾಲಾಳುಗಳು ಮಾತ್ರ ಉಳಿದಿದ್ದರೆ ನಲ್ ಮೂವ್ ಬಳಸಬಾರದು ಎಂಬ ಕಾವಲನ್ನು ಸಾಮಾನ್ಯವಾಗಿ ಎಲ್ಲರೂ ಇಡುತ್ತಾರೆ. ಆದರೆ ಮಾರ್ಫಿಯ ಪಟವನ್ನು ಮತ್ತೊಮ್ಮೆ ನೋಡಿ: ಕಪ್ಪಿಗೆ ಒಂದು ಒಂಟೆ ಇದೆ. ಕಾವಲುಗಾರ ಆ ಒಂಟೆಯನ್ನು ಕಂಡು ಬಾಗಿಲು ತೆರೆದುಬಿಡುತ್ತಾನೆ. ಎರಡೇ ನಡೆಯ ಸಮಸ್ಯೆಯಾದ್ದರಿಂದ ಇಂದಿನ ಯಾವ ಪ್ರೋಗ್ರಾಮೂ ಇದರಲ್ಲಿ ಸೋಲುವುದಿಲ್ಲ. ಆಳ ಇಷ್ಟು ಕಡಿಮೆಯಿದ್ದಾಗ ಅಡ್ಡದಾರಿ ತಪ್ಪಿದರೂ ಮುಂದಿನ ಸುತ್ತಿನಲ್ಲಿ ಸರಿಯಾಗುತ್ತದೆ. ಇದೇ ಹೂಟವನ್ನು ಹನ್ನೆರಡು ಹದಿನೈದು ನಡೆಗಳ ಉದ್ದಕ್ಕೆ ಹಿಗ್ಗಿಸಿ, ಕಪ್ಪಿಗೆ ಒಂದೆರಡು ನಿರುಪಯೋಗಿ ಕಾಯಿಗಳನ್ನು ಕೊಟ್ಟು ನೋಡಿದರೆ ಆಗ ಪ್ರೋಗ್ರಾಮು ತಡಬಡಾಯಿಸುವುದು ಕಾಣುತ್ತದೆ. ಸ್ಟಾಕ್‌ಫಿಶ್‌ನಲ್ಲಿ ಆಳ ಹೆಚ್ಚಾದಾಗ ನಲ್ ಮೂವ್ ಕೊಟ್ಟ ಉತ್ತರವನ್ನು ಇನ್ನೊಮ್ಮೆ ಪರಿಶೀಲಿಸುವ ಏರ್ಪಾಡು ಇರುವುದು ಇದಕ್ಕಾಗಿಯೇ. ಅಂಥ ಪರಿಶೀಲನೆ ಇಲ್ಲದ ಸಣ್ಣ ಪ್ರೋಗ್ರಾಮು ಗಂಟೆಗಟ್ಟಲೆ ಓಡಿದರೂ ಮೇಟ್ ಹೇಳದೆ ಇರಬಹುದು.

ಇದೇ ಮಾರ್ಫಿ ಪಟದಿಂದ ಇನ್ನೊಂದು ಪರೀಕ್ಷೆಯನ್ನೂ ಹೊರಡಿಸಬಹುದು; ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇದೇ. ಪ್ರೋಗ್ರಾಮಿಗೆ ಸ್ಥಿತಿಯನ್ನು ಕೊಡುವ ಫೆನ್ ಸಾಲಿನಲ್ಲಿ ಆರು ಭಾಗಗಳಿರುತ್ತವೆ: ಕಾಯಿಗಳ ಜಾಗ, ಯಾರ ಸರದಿ, ಕ್ಯಾಸ್ಲಿಂಗ್ ಹಕ್ಕು, ಆನ್ ಪಾಸಾನ್ ಮನೆ (ಎರಡು ಮನೆ ಜಿಗಿದ ಕಾಲಾಳನ್ನು ಮರುನಡೆಯಲ್ಲೇ, ಅದು ದಾಟಿದ ಮನೆಯಲ್ಲಿ ಹೊಡೆಯುವುದು), ಹೊಡೆತವಾಗಲಿ ಕಾಲಾಳಿನ ನಡೆಯಾಗಲಿ ಇಲ್ಲದೆ ಕಳೆದ ಅರ್ಧನಡೆಗಳ ಎಣಿಕೆ, ಮತ್ತು ನಡೆಯ ಸಂಖ್ಯೆ. ಐದನೆಯ ಭಾಗವನ್ನು ಹೆಚ್ಚಿನವರು ಸೊನ್ನೆ ಎಂದು ಬರೆದು ಮರೆತುಬಿಡುತ್ತಾರೆ. ಅಲ್ಲಿ 97 ಎಂದು ಬರೆದರೆ ಏನೂ ಬದಲಾಗುವುದಿಲ್ಲ: ಆನೆಯ ನಡೆಗೆ 98, ಒಂಟೆಯ ನಡೆಗೆ 99, ನಂತರ ಮೇಟ್. 98 ಎಂದು ಬರೆದರೆ? ಆನೆಗೆ 99, ಒಂಟೆ ಸರಿದೊಡನೆ 100; ಐವತ್ತು ನಡೆಯ ನಿಯಮದಂತೆ ಪ್ರೋಗ್ರಾಮಿನ ಲೆಕ್ಕದಲ್ಲಿ ಆಟ ಅಲ್ಲಿಗೇ ಡ್ರಾ. ಒಂದೇ ಒಂದು ಅಂಕಿ ಹೆಚ್ಚಾದದ್ದಕ್ಕೆ ಎರಡು ನಡೆಯ ಮೇಟ್ ಮಾಯವಾಗುತ್ತದೆ. ಸರಿಯಾದ ಪ್ರೋಗ್ರಾಮು 97ಕ್ಕೆ ‘ಎರಡರಲ್ಲಿ ಮೇಟ್’ ಎಂದೂ 98ಕ್ಕೆ ಬೇರೇನೋ ಉತ್ತರವೆಂದೂ ಹೇಳಬೇಕು. ಎರಡಕ್ಕೂ ಮೇಟ್ ಎನ್ನುವುದು ನಿಯಮವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ; ಎರಡಕ್ಕೂ ‘ಎರಡರಲ್ಲಿ ಮೇಟ್ ಇಲ್ಲ’ ಎನ್ನುವುದು ಒಂದು ಅರ್ಧನಡೆ ಮುಂಚಿತವಾಗಿ ಎಣಿಸುತ್ತಿದೆ. ಏಳು ಕಾಯಿಗಳ ಒಂದು ಪಟದಲ್ಲಿ ಇಷ್ಟು ಖಚಿತವಾಗಿ ದೋಷವನ್ನು ತೋರಿಸಿಕೊಡುವ ಪರೀಕ್ಷೆ ದೊಡ್ಡ ದೊಡ್ಡ ಸಮಸ್ಯಾಸಂಗ್ರಹಗಳಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಫೆನ್ ಸಾಲಿನ ಕ್ಯಾಸ್ಲಿಂಗ್ ಭಾಗವೂ ಇಂಥದೇ ತಂಟೆಯದು. ರಚಿತ ಸಮಸ್ಯೆಗಳ ಲೋಕದಲ್ಲಿ ಒಂದು ಸಂಪ್ರದಾಯವಿದೆ: ರಾಜ ಮತ್ತು ಆನೆ ಮೂಲ ಮನೆಯಲ್ಲಿದ್ದರೆ, ಅವು ಹಿಂದೆ ಸರಿದಿವೆ ಎಂದು ಸಾಧಿಸಲಾಗದಿದ್ದಲ್ಲಿ, ಕ್ಯಾಸ್ಲಿಂಗ್ ಮಾಡಬಹುದು, ಆನ್ ಪಾಸಾನ್ ಹೊಡೆತಕ್ಕಾದರೋ ಹಿಂದಿನ ನಡೆ ಆ ಎರಡು ಮನೆಯ ಜಿಗಿತವೇ ಆಗಿತ್ತೆಂದು ಸಾಧಿಸಲೇಬೇಕು. ಪ್ರೋಗ್ರಾಮಿಗೆ ಇದೊಂದೂ ತಿಳಿಯದು, ಸಾಲಿನಲ್ಲಿ ಬರೆದಷ್ಟನ್ನೇ ಅದು ನಂಬುತ್ತದೆ. ಹಳೆಯ ಪುಸ್ತಕದ ಚಿತ್ರ ನೋಡಿ ಕಾಯಿ ಜೋಡಿಸಿ ಕೊಟ್ಟಾಗ ಹಕ್ಕಿನ ಜಾಗದಲ್ಲಿ ಅಡ್ಡಗೀಟು (ಹಕ್ಕಿಲ್ಲ ಎಂಬ ಗುರುತು) ಬಿದ್ದರೆ, ಕ್ಯಾಸ್ಲಿಂಗಿನಲ್ಲೇ ಮುಗಿಯಬೇಕಾದ ಮೇಟ್ ಎಂದಿಗೂ ಸಿಗುವುದಿಲ್ಲ. ಪ್ರೋಗ್ರಾಮು ಸೋತಿತು ಎಂಬ ತೀರ್ಪು ಕೊಡುವ ಮೊದಲು ಸಾಲನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಬಡ್ತಿಯ ವಿಷಯಕ್ಕೆ ಬಂದರೆ ಸಾವೇಡ್ರಾ ಸ್ಥಿತಿಯನ್ನು ಬಿಟ್ಟು ಮಾತಾಡುವಂತಿಲ್ಲ. ಬಿಳಿಯ ರಾಜ ಬಿ6ರಲ್ಲಿ, ಕಾಲಾಳು ಸಿ6ರಲ್ಲಿ. ಕಪ್ಪಿನ ರಾಜ ಎ1ರಲ್ಲಿ, ಆನೆ ಡಿ5ರಲ್ಲಿ. ನಾಲ್ಕೇ ಕಾಯಿ. 1895ರಲ್ಲಿ ಗ್ಲಾಸ್ಗೋದ ಪತ್ರಿಕೆಯೊಂದರ ಚೆಸ್ ಅಂಕಣದಲ್ಲಿ ಬಾರ್ಬಿಯೆ ಎಂಬವರು ಇದರಲ್ಲಿ ಕಪ್ಪು ಡ್ರಾ ಮಾಡಿಕೊಳ್ಳುತ್ತದೆ ಎಂದು ಬರೆದಿದ್ದರು. ಅದೇ ಊರಿನಲ್ಲಿದ್ದ ಸ್ಪೇನ್ ಮೂಲದ ಪಾದ್ರಿ ಫರ್ನಾಂಡೋ ಸಾವೇಡ್ರಾ ಬಿಳಿಗೆ ಗೆಲುವಿದೆ ಎಂದು ತೋರಿಸಿದರು. ಕಾಲಾಳು ಸಿ7ಕ್ಕೆ ಹೋದಾಗ ಕಪ್ಪು ಆನೆ ಡಿ6, ಡಿ5, ಡಿ4, ಡಿ3 ಎಂದು ಕೆಳಕ್ಕಿಳಿಯುತ್ತಾ ಶಹ ಕೊಡುತ್ತಾ ಹೋಗುತ್ತದೆ, ಬಿಳಿಯ ರಾಜ ಬಿ5, ಬಿ4, ಬಿ3 ದಾಟಿ ಸಿ2ಕ್ಕೆ ಬರುತ್ತಾನೆ. ಆಗ ಕಪ್ಪು ಆನೆ ಡಿ4ಕ್ಕೆ ಜಿಗಿಯುತ್ತದೆ. ಕಾಲಾಳು ಮಂತ್ರಿಯಾದರೆ ಆನೆ ಸಿ4ರಲ್ಲಿ ಶಹ ಕೊಡುತ್ತದೆ, ಮಂತ್ರಿ ಅದನ್ನು ಹೊಡೆಯಲೇಬೇಕು, ಹೊಡೆದರೆ ಸ್ಟೇಲ್‌ಮೇಟ್, ಎಂದರೆ ಶಹ ಇಲ್ಲದಿದ್ದರೂ ಕಪ್ಪಿಗೆ ಆಡಲು ನಡೆಯೇ ಇಲ್ಲದೆ ಡ್ರಾ. ಆದ್ದರಿಂದ ಕಾಲಾಳು ಮಂತ್ರಿಯಾಗದೆ ಆನೆಯಾಗಬೇಕು. ಈಗ ಎ8ರಲ್ಲಿ ಮೇಟಿನ ಬೆದರಿಕೆ. ಕಪ್ಪು ಆನೆ ಎ4ಕ್ಕೆ ಹೋಗಿ ತಡೆದರೆ ಬಿಳಿಯ ರಾಜ ಬಿ3ಕ್ಕೆ. ಒಂದೇ ನಡೆಯಲ್ಲಿ ಆ ಆನೆಯ ಮೇಲೂ ಸಿ1ರ ಮೇಟಿನ ಮೇಲೂ ಕಣ್ಣು. ಕಪ್ಪಿಗೆ ಎರಡನ್ನೂ ಉಳಿಸಿಕೊಳ್ಳಲಾಗುವುದಿಲ್ಲ.

ವೇಗಕ್ಕಾಗಿ ಕಾಲಾಳಿಗೆ ಮಂತ್ರಿಯ ಬಡ್ತಿ ಮಾತ್ರ ಕೊಟ್ಟು ಉಳಿದ ಮೂರನ್ನು ಕೈಬಿಡುವ ಹವ್ಯಾಸಿ ಪ್ರೋಗ್ರಾಮುಗಳನ್ನು ಈ ಪಟ ಕೂಡಲೇ ಹಿಡಿದುಹಾಕುತ್ತದೆ. ಆದರೆ ಸ್ಟಾಕ್‌ಫಿಶ್‌ನಂಥದ್ದಕ್ಕೆ ಇದನ್ನು ಕೊಡುವಾಗ ಎಂಡ್‌ಗೇಮ್ ಟೇಬಲ್‌ಬೇಸ್ ಜೋಡಿಸಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಏಳು ಕಾಯಿಗಳವರೆಗಿನ ಎಲ್ಲ ಸ್ಥಿತಿಗಳ ಉತ್ತರವೂ ಅಂಥ ಕೋಷ್ಟಕಗಳಲ್ಲಿ ಸಿದ್ಧವಾಗಿ ಕೂತಿದೆ. ಪ್ರೋಗ್ರಾಮು ಯೋಚಿಸುವುದಿಲ್ಲ, ನೋಡಿ ಬರೆಯುತ್ತದೆ, ಅಷ್ಟೆ. ಅದಕ್ಕೆ ಸೇರಿದ ಇನ್ನೊಂದು ವಿಚಿತ್ರವೂ ಇದೆ. ಈಗ ಹೆಚ್ಚು ಬಳಕೆಯಲ್ಲಿರುವ ಸಿಜಿಗಿ ಕೋಷ್ಟಕಗಳಲ್ಲಿ ಗೆಲುವೋ ಸೋಲೋ ಡ್ರಾವೋ ಎಂಬುದೂ, ಮುಂದಿನ ಹೊಡೆತಕ್ಕೆ ಅಥವಾ ಕಾಲಾಳಿನ ನಡೆಗೆ ಎಷ್ಟು ದೂರ ಎಂಬುದೂ ಇರುತ್ತದೆಯೇ ಹೊರತು ಮೇಟಿಗೆ ಎಷ್ಟು ನಡೆ ಎಂಬುದು ಇರುವುದಿಲ್ಲ. ಅದರಿಂದಾಗಿ ಕೋಷ್ಟಕ ಜೋಡಿಸಿದ ಪ್ರೋಗ್ರಾಮು ‘ಗೆಲುವು ಖಚಿತ’ ಎಂದು ಹೇಳಿ ಸುಮ್ಮನಾಗಬಹುದು, ಮೇಟಿನ ಸಂಖ್ಯೆಯನ್ನು ತುಂಬ ಹೊತ್ತು ಹೇಳದಿರಬಹುದು. ಆಡುವವನಿಗೆ ಅಷ್ಟು ಸಾಕು. ಸಮಸ್ಯೆ ಬಿಡಿಸುವವನಿಗೆ ಸಾಲದು.

ನಮ್ಮಲ್ಲಿ ಕಲಿತು ಈಗ ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಪೈಥಾನಿನಲ್ಲಿ ತಾನೇ ಬರೆದ ಪ್ರೋಗ್ರಾಮೊಂದನ್ನು ಕಳೆದ ರಜೆಯಲ್ಲಿ ತಂದಿದ್ದ. ಅದಕ್ಕೆ ನಾನು ಕೊಟ್ಟದ್ದು ಒಂಟೆ ಮತ್ತು ಕುದುರೆಯಿಂದ ಒಬ್ಬಂಟಿ ರಾಜನಿಗೆ ಮೇಟ್ ಮಾಡುವ ಸ್ಥಿತಿಯನ್ನು. ಸರಿಯಾಗಿ ಆಡಿದರೆ ಎಲ್ಲಿಂದ ಶುರುವಾದರೂ 33 ನಡೆಗಳೊಳಗೆ ಅದು ಮುಗಿಯಬೇಕು. ಆ ಪ್ರೋಗ್ರಾಮು ರಾಜನನ್ನು ಮೂಲೆಗೆ ಒತ್ತರಿಸುವವರೆಗೆ ಚೆನ್ನಾಗಿಯೇ ಆಡಿತು. ಅನಂತರ ‘ಮೂರರಲ್ಲಿ ಮೇಟ್’ ಎಂದು ಘೋಷಿಸಿತು. ಮುಂದಿನ ನಡೆಗೂ ಮೂರರಲ್ಲಿ ಮೇಟ್. ಅದರ ಮುಂದಿನದಕ್ಕೂ ಮೂರು. ಕುದುರೆ ಹೋಗುವುದು, ಬರುವುದು, ಕೊನೆಗೆ ಅದೇ ಸ್ಥಿತಿ ಮೂರನೇ ಸಲ ಬಂದು ಡ್ರಾ.

ಇದು ಕಲಿಯುವವರ ಪ್ರೋಗ್ರಾಮುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ದೋಷ, ಅದರ ಮೂಲವೂ ಒಂದೇ. ಮೇಟಿಗೆ 30000ದಂಥ ದೊಡ್ಡ ಬೆಲೆ ಇಟ್ಟು, ಅದರಿಂದ ಎಷ್ಟು ಅರ್ಧನಡೆ ದೂರವೋ ಅಷ್ಟನ್ನು ಕಳೆಯುತ್ತಾರೆ. ಹಾಗಾಗಿ ಹತ್ತಿರದ ಮೇಟಿಗೆ ಹೆಚ್ಚು ಅಂಕ. ಈ ದೂರವನ್ನು ಎಣಿಸುವುದು ಹುಡುಕಾಟ ಆರಂಭವಾದ ಸ್ಥಿತಿಯಿಂದ. ಆದರೆ ಒಮ್ಮೆ ಕಂಡ ಸ್ಥಿತಿಗಳ ಬೆಲೆಯನ್ನು ನೆನಪಿಡುವ ಹ್ಯಾಶ್ ಕೋಷ್ಟಕಕ್ಕೆ ಅದೇ ಅಂಕವನ್ನು ಹಾಗೆಯೇ ಹಾಕಿದರೆ, ಬೇರೊಂದು ದಾರಿಯಿಂದ, ಬೇರೊಂದು ಆಳದಲ್ಲಿ ಅದೇ ಸ್ಥಿತಿ ಎದುರಾದಾಗ ಹಳೆಯ ದೂರವೇ ಓದಿಕೊಳ್ಳುತ್ತದೆ. ಕೋಷ್ಟಕಕ್ಕೆ ಹಾಕುವಾಗ ಆ ಸ್ಥಿತಿಯಿಂದ ಮೇಟಿಗಿರುವ ದೂರವಾಗಿ ಬದಲಾಯಿಸಿ, ತೆಗೆಯುವಾಗ ಮತ್ತೆ ಮೂಲದಿಂದಿರುವ ದೂರವಾಗಿ ಬದಲಾಯಿಸಬೇಕು. ಎರಡು ಸಾಲಿನ ತಿದ್ದುಪಡಿ. ಹುಡುಗ ಜಗಲಿಯಲ್ಲೇ ಕೂತು ಅದನ್ನು ಬರೆದ, ಕುದುರೆಯ ಅಲೆದಾಟ ನಿಂತಿತು. ಆಡಿಸಿ ಗೆಲುವು ಎಣಿಸುವ ಪರೀಕ್ಷೆಯಲ್ಲಿ ಈ ದೋಷ ಬಹಳ ಕಾಲ ಅಡಗಿಯೇ ಇರಬಹುದು, ಯಾಕೆಂದರೆ ಹೆಚ್ಚಿನ ಎದುರಾಳಿಗಳ ಜತೆಗಿನ ಆಟ ಇಷ್ಟು ಸಪೂರದ ಮೇಟಿನವರೆಗೆ ಬರುವುದೇ ಇಲ್ಲ.

ದೊಡ್ಡ ಪ್ರೋಗ್ರಾಮುಗಳನ್ನು ನಿಜವಾಗಿ ಬೆವರಿಳಿಸುವುದು ಬೇರೆ ಜಾತಿಯ ಸ್ಥಿತಿಗಳು. ಪ್ಲಾಸ್ಕೆಟ್ ಪಜಲ್ ಎಂದು ಹೆಸರಾದ, ಡಚ್ ರಚನೆಕಾರ ಗೈಸ್ ಫಾನ್ ಬ್ರೂಕೆಲನ್ ಕಟ್ಟಿದ ಸ್ಥಿತಿಯನ್ನೇ ತೆಗೆದುಕೊಳ್ಳಿ. ಇಂಗ್ಲಿಷ್ ಗ್ರ್ಯಾಂಡ್‌ಮಾಸ್ಟರ್ ಜೇಮ್ಸ್ ಪ್ಲಾಸ್ಕೆಟ್ 1987ರಲ್ಲಿ ಬ್ರಸೆಲ್ಸಿನ ಪಂದ್ಯಾವಳಿಯಲ್ಲಿ ಇದನ್ನು ಆಟಗಾರರ ಮುಂದಿಟ್ಟರು; ಬಿಡಿಸಿದವರು ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್. ಬಿಳಿ ತನ್ನ ಕುದುರೆಯನ್ನು ಒಪ್ಪಿಸುತ್ತದೆ, ಕಾಲಾಳನ್ನು ಮಂತ್ರಿಯಾಗಿಸಿ ಆ ಮಂತ್ರಿಯನ್ನೂ ಒಪ್ಪಿಸುತ್ತದೆ. ಕೊನೆಗೆ ಉಳಿಯುವುದು ರಾಜ, ಒಂದು ಒಂಟೆ, ಒಂದು ಕಾಲಾಳು. ಎದುರಿಗೆ ಕಪ್ಪಿನ ಎರಡು ಕುದುರೆ, ಒಂದು ಒಂಟೆ, ಸಾಲು ಕಾಲಾಳು. ಬಿಳಿಯ ಒಂಟೆ ಇ4, ಡಿ5, ಸಿ4, ಬಿ5, ಎ4 ಎಂದು ಒಂದೊಂದೇ ಹೆಜ್ಜೆಗೆ ಹೊಸ ಮೇಟಿನ ಬೆದರಿಕೆ ಒಡ್ಡುತ್ತಾ ಪಟವನ್ನು ಸುತ್ತುತ್ತದೆ, ಅದನ್ನು ತಡೆಯಲು ಕಪ್ಪು ತನ್ನ ಎರಡು ಕಾಲಾಳುಗಳನ್ನು ಮಂತ್ರಿಯನ್ನಾಗಿ ಮಾಡದೆ ಕುದುರೆಗಳನ್ನಾಗಿ ಮಾಡಬೇಕಾಗುತ್ತದೆ. ಅಷ್ಟಾದರೂ ಮೇಟ್ ತಪ್ಪುವುದಿಲ್ಲ.

ಪ್ರೋಗ್ರಾಮಿನ ಕಣ್ಣಿನಿಂದ ನೋಡಿದರೆ ಇದೆಲ್ಲ ಹುಚ್ಚಾಟ. ಇಷ್ಟು ಕಾಯಿ ಕೊರತೆಯಿರುವಾಗ ಹೊಡೆತವೂ ಅಲ್ಲದ ಶಹವೂ ಅಲ್ಲದ ಒಂಟೆಯ ನಡೆಯಿಂದ ಏನೂ ಸುಧಾರಿಸದು ಎಂದು ‘ಫ್ಯುಟಿಲಿಟಿ’ ಎಂಬ ಅಡ್ಡದಾರಿ ಅದನ್ನು ಕತ್ತರಿಸುತ್ತದೆ. ಪಟ್ಟಿಯಲ್ಲಿ ಹಿಂದೆ ಬಿದ್ದ ನಡೆಗಳನ್ನು ಕಡಿಮೆ ಆಳದಲ್ಲಿ ಮಾತ್ರ ನೋಡುವ ಇನ್ನೊಂದು ಅಡ್ಡದಾರಿ, ಕತ್ತರಿಸದೆ ಉಳಿದದ್ದನ್ನೂ ಮೊಟಕುಗೊಳಿಸುತ್ತದೆ. ಎಂಟು ಹತ್ತು ನಡೆ ಆಚೆಗಿನ ಮೇಟಿನವರೆಗೆ ದೃಷ್ಟಿ ಮುಟ್ಟುವುದೇ ಇಲ್ಲ. ಸ್ಟಾಕ್‌ಫಿಶ್ ಸಾಕಷ್ಟು ಆಳಕ್ಕಿಳಿದಾಗ ಇದನ್ನು ಬಿಡಿಸುತ್ತದೆ. ನರಜಾಲದ (ನ್ಯೂರಲ್ ನೆಟ್‌ವರ್ಕ್) ಅಂದಾಜನ್ನೇ ಮುಖ್ಯವಾಗಿ ನಂಬಿ ಕೆಲವೇ ದಾರಿಗಳನ್ನು ಹಿಡಿದು ಹೋಗುವ ಲೀಲಾದಂಥ ಪ್ರೋಗ್ರಾಮುಗಳಿಗೆ ಇದು ಇನ್ನೂ ಕಷ್ಟ. ಮೊದಲ ನೋಟಕ್ಕೆ ಕೆಟ್ಟದಾಗಿ ಕಂಡ ನಡೆಗೆ ಅವು ಬಹಳ ಕಡಿಮೆ ಅವಕಾಶ ಕೊಡುತ್ತವೆ. ಹಾಗೆಂದು ಲೀಲಾ ದುರ್ಬಲ ಎನ್ನುವಂತಿಲ್ಲ. ಪೂರ್ತಿ ಆಟದಲ್ಲಿ ಅದು ಜಗತ್ತಿನ ಅಗ್ರ ಪ್ರೋಗ್ರಾಮುಗಳಲ್ಲೊಂದು.

ಮೇಟ್ ಬೇಗ ಹುಡುಕುವ ಗುಣವೂ ಆಟ ಗೆಲ್ಲುವ ಗುಣವೂ ಒಂದಕ್ಕೊಂದು ಎದುರು ನಿಲ್ಲುವುದು ಇಲ್ಲಿಯೇ. ಸ್ಟಾಕ್‌ಫಿಶ್‌ಗೆ ಯಾರಾದರೂ ಒಂದು ತಿದ್ದುಪಡಿ ತಂದು, ಅದರಿಂದ ಕಠಿಣ ಮೇಟುಗಳು ಬೇಗ ಸಿಗುತ್ತವೆ, ಆದರೆ ಆಟದ ಬಲ ಸ್ವಲ್ಪ ತಗ್ಗುತ್ತದೆ ಎಂದಾದರೆ ಫಿಶ್‌ಟೆಸ್ಟ್ ಅದನ್ನು ತಳ್ಳಿಹಾಕುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ನಿರ್ಧಾರ ಸರಿಯೇ. ಹದಿನೈದು ನಡೆಯಲ್ಲಿ ಮೇಟ್ ಇರುವಾಗ ಇಪ್ಪತ್ತೈದು ನಡೆಯಲ್ಲಿ ಗೆದ್ದರೂ ಅಂಕ ಒಂದೇ. ಹಾಗೆಂದು ಆ ತಂಡ ಮೇಟುಗಳನ್ನು ಮರೆತಿಲ್ಲ: ಆರು ಸಾವಿರಕ್ಕೂ ಹೆಚ್ಚು ಮೇಟ್ ಸ್ಥಿತಿಗಳ ಸಂಗ್ರಹವೊಂದನ್ನು ಇಟ್ಟುಕೊಂಡು, ಪ್ರತಿ ಆವೃತ್ತಿಯೂ ಅವುಗಳಲ್ಲಿ ಎಷ್ಟನ್ನು ಕಂಡುಹಿಡಿಯುತ್ತದೆ, ಎಷ್ಟರಲ್ಲಿ ಅತಿ ಕಡಿಮೆ ನಡೆಗಳ ಮೇಟನ್ನೇ ಹೇಳುತ್ತದೆ ಎಂದು ಗಮನಿಸುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಇಲ್ಲದ ಮೇಟನ್ನು ಇದೆ ಎಂದು ಹೇಳುತ್ತದೆಯೇ ಎಂಬುದನ್ನು. ತಡವಾದ ಉತ್ತರವನ್ನು ಕ್ಷಮಿಸಬಹುದು, ಸುಳ್ಳು ಮೇಟನ್ನು ಕ್ಷಮಿಸಲಾಗದು.

ಮಕ್ಕಳ ಪ್ರಶ್ನೆಗೆ ಸರಿಯಾದ ಉತ್ತರ ಪೋಪೈ, ಹೈನರ್ ಮಾರ್ಕ್‌ಸೆನ್ ಬರೆದ ಚೆಸ್ಟ್ ಮುಂತಾದ, ಸಮಸ್ಯೆಗಳಿಗೆಂದೇ ಮೀಸಲಾದ ಪ್ರೋಗ್ರಾಮುಗಳು. ಅವು ಆಟದ ಬಲಕ್ಕಾಗಿ ಊಹೆಯ ಕತ್ತರಿ ಆಡಿಸುವುದಿಲ್ಲ. ಮೂರು ನಾಲ್ಕು ನಡೆಗಳ ಸಮಸ್ಯೆಯಲ್ಲಿ ಅವುಗಳ ಮಾತೇ ಕೊನೆಯ ಮಾತು. ನಡೆ ಹೆಚ್ಚಾದಂತೆ ಮೇಲೆ ಹೇಳಿದ ಗುಣಾಕಾರ ಅವುಗಳ ಕತ್ತು ಹಿಸುಕುತ್ತದೆ, ಆಗ ಸ್ಟಾಕ್‌ಫಿಶ್ ಮುಂದೆ ಬರುತ್ತದೆ. ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಸಂಶೋಧಕರಲ್ಲೊಬ್ಬರಾದ ಹಂಗೇರಿಯ ಓಟ್ಟೋ ಬ್ಲಾಥಿ ರಚಿಸಿದ, ಇನ್ನೂರಕ್ಕೂ ಹೆಚ್ಚು ನಡೆಗಳ ಸಮಸ್ಯೆಗಳ ಮುಂದೆ ಮಾತ್ರ ಇಬ್ಬರೂ ಕೈಚೆಲ್ಲಬೇಕಾದೀತು. ಅವನ್ನು ಬರೀ ಎಣಿಕೆಯ ಬಲದಿಂದಲ್ಲ, ಯೋಜನೆಯಿಂದ ಬಿಡಿಸಬೇಕು.

ಪರೀಕ್ಷೆ ಮಾಡುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಡಿಯಾರ ನೋಡಿ ಸಮಯ ಬರೆಯುವುದನ್ನು ನಾವು ಬಿಟ್ಟಿದ್ದೇವೆ. ಏಪ್ರಿಲಿನ ಸೆಕೆಯಲ್ಲಿ ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ, ಜೂನಿನಲ್ಲಿ ಕರೆಂಟು ಹೋಗಿ ಬ್ಯಾಟರಿಗೆ ಇಳಿದೊಡನೆ ಇನ್ನಷ್ಟು ನಿಧಾನ. ಬದಲಿಗೆ ಮೇಟ್ ಸಿಗುವ ಹೊತ್ತಿಗೆ ಎಷ್ಟು ಸ್ಥಿತಿಗಳನ್ನು ನೋಡಿತು ಎಂಬ ಎಣಿಕೆಯನ್ನು ಬರೆದುಕೊಳ್ಳುತ್ತೇವೆ. ಒಂದೇ ಥ್ರೆಡ್‌ನಲ್ಲಿ (ಕೆಲಸವನ್ನು ಹಲವು ಪಾಲು ಮಾಡದೆ ಒಂದೇ ಎಳೆಯಲ್ಲಿ) ಓಡಿಸಿ, ಹ್ಯಾಶ್ ಗಾತ್ರವನ್ನು ಬದಲಾಯಿಸದೆ, ಪ್ರತಿ ಸ್ಥಿತಿಗೂ ಮುಂಚೆ ಹ್ಯಾಶನ್ನು ಅಳಿಸಿದರೆ ಈ ಎಣಿಕೆ ಇಂದಿಗೂ ನಾಳೆಗೂ ಒಂದೇ. ನಾಲ್ಕು ಥ್ರೆಡ್ ಕೊಟ್ಟರೆ ಅದೇ ಸ್ಥಿತಿಗೆ ಅದೇ ಪ್ರೋಗ್ರಾಮು ಒಂದೊಂದು ಸಲ ಒಂದೊಂದು ಸಂಖ್ಯೆ ತೋರಿಸುತ್ತದೆ, ಆಗ ಯಾವುದನ್ನು ಬರೆಯುವುದು ಎಂದು ಮಕ್ಕಳಲ್ಲಿ ಜಗಳ.

ಇನ್ನೊಂದು ಅಗತ್ಯ ಕೆಲಸ, ಪ್ರೋಗ್ರಾಮಿನಿಂದ ಒಂದರ ಬದಲು ಎರಡು ಉತ್ತಮ ನಡೆಗಳನ್ನು ಕೇಳುವುದು. ಎರಡಕ್ಕೂ ಅಷ್ಟೇ ನಡೆಯ ಮೇಟ್ ಬಂದರೆ ಸಮಸ್ಯೆಗೆ ಅಡ್ಡ ಉತ್ತರವಿದೆ ಎಂದರ್ಥ, ಅಂಥದ್ದು ಪರೀಕ್ಷೆಗೆ ಬಾರದು. ಹಳೆಯ ಸಂಗ್ರಹಗಳಲ್ಲಿನ ಅನೇಕ ರಚನೆಗಳು ಕಂಪ್ಯೂಟರ್ ಬಂದ ಮೇಲೆ ಹೀಗೆಯೇ ಬಿದ್ದುಹೋಗಿವೆ.

ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮಾರ್ಫಿಯ ಪಟ ನೋಡಿ ತಾನೂ ಮೂರು ನಡೆಯ ಜುಗ್‌ಜ್ವಾಂಗ್ ಸಮಸ್ಯೆಯೊಂದನ್ನು ಕಟ್ಟಿಕೊಂಡು ಬಂದಿದ್ದಳು. ಸ್ಟಾಕ್‌ಫಿಶ್ ಅವಳ ಉತ್ತರವನ್ನೂ ಹೇಳಿತು, ಅವಳು ಎಣಿಸದೇ ಇದ್ದ ಮಂತ್ರಿಯ ಶಹವೊಂದನ್ನೂ ಹೇಳಿತು. ಕಪ್ಪಿನ ಕಾಲಾಳೊಂದನ್ನು ಎಚ್ ಸಾಲಿನಿಂದ ಜಿ ಸಾಲಿಗೆ ಸರಿಸಿ ಅವಳು ಆ ಎರಡನೆಯ ದಾರಿಯನ್ನು ಮುಚ್ಚಿದಳು. ಪೋಪೈಯಲ್ಲಿ ಓಡಿಸಿದಾಗ ಈಗ ಒಂದೇ ಉತ್ತರ ಬರುತ್ತದೆ. ನಾಲ್ಕು ನಡೆಯ ಇನ್ನೊಂದು ಸಮಸ್ಯೆ ಅವಳ ಪುಸ್ತಕದಲ್ಲಿದೆ, ಅದಕ್ಕಿನ್ನೂ ಮೂರು ಅಡ್ಡ ಉತ್ತರಗಳಿವೆ.